ಬಾರ್ಸಿಲೋನಾಕ್ಕೆ ಹೋಗುವವರಿಗೆ ಕಲಬುರಗಿಯ ಕಂಡಕ್ಟರ್ ಹೇಳುವುದು

ಪಬ್ಲಿಕ್ ಗಾರ್ಡನ್‌ನಲ್ಲಿ ಬೆಳಿಗ್ಗೆ ನಮ್ಮ ಜೊತೆ ವಾಕಿಂಗ್ ಬರುವ ಗೆಳೆಯರೊಬ್ಬರು ಬರುವ ಮೇ ತಿಂಗಳಲ್ಲಿ ಗಂಡ ಹೆಂಡತಿ ಬಾರ್ಸಿಲೋನಾಕ್ಕೆ ಹೊರಟಿದ್ದಾರೆ. ಮಗ ಟಿಕೆಟ್ ತೆಗೆಸಿದ್ದಾನೆ. "ನೀವು ಎರಡು ಸಲ ಹೋಗಿ ಬಂದೀರಿ, ನಮಗ ಒಂದಿಷ್ಟು ಬರದು ಕೊಡ್ರಿ" ಅಂದರು. ಅವರಿಗೆ ಬರೆದದ್ದು ಬೇರೆಯವರಿಗೂ ಉಪಯೋಗ ಆಗಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ನಾನು 31 ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಹೈದರಾಬಾದ್ ರೂಟು, ಗಾಣಗಾಪುರ ರೂಟು ಹೆಚ್ಚು ಮಾಡಿದ್ದೇನೆ. ಮಗಳು ಓದಲು ಬಾರ್ಸಿಲೋನಾಕ್ಕೆ ಹೋದಳು, ಅಲ್ಲೇ ಕೆಲಸ ಸಿಕ್ಕಿತು. ಅವಳದು ಇನ್ನಿಬ್ಬರ ಜೊತೆ ಹಂಚಿಕೊಂಡ ಮನೆ. ಹಾಗಾಗಿ ನಾವಿಬ್ಬರೂ ಲಾಡ್ಜ್‌ನಲ್ಲೇ ಇದ್ದು, ಹಗಲೆಲ್ಲಾ ನಾವೇ ಊರು ಸುತ್ತಿದೆವು. ಮೊದಲ ಸಲ ಮೇ ಕೊನೆ, ಎರಡನೇ ಸಲ ಸೆಪ್ಟೆಂಬರ್.

ಮೊದಲು ಕಾಗದ ಪತ್ರ. ಸ್ಪೇನಿಗೆ ಷೆಂಗೆನ್ ವೀಸಾ ಬೇಕು, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ. ಹೊರಡುವ ದಿನಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ತಡ ಅಂದರೂ 15 ದಿನ ಮೊದಲು ಹಾಕಲೇಬೇಕು. ಆ 15 ದಿನವನ್ನು ನಂಬಬೇಡಿ, ಎರಡು ತಿಂಗಳು ಮೊದಲೇ ಹಾಕಿ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ನೀವೇ ಹೋಗಬೇಕು. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ರಾತ್ರಿ ಬಸ್ಸು ಹಿಡಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಮಕ್ಕಳ ಮನೆಯಲ್ಲೇ ಇಳಿಯುವವರು ಒಂದು ಮಾತು ಗಮನಿಸಿ. ಅದಕ್ಕೆ ಅಲ್ಲಿನ ಪೊಲೀಸರ ಕಡೆಯಿಂದ ಮಕ್ಕಳು ಆಮಂತ್ರಣ ಪತ್ರ ಮಾಡಿಸಬೇಕಾಗುತ್ತದೆ, ಅದು ಬೇಗ ಆಗುವ ಕೆಲಸ ಅಲ್ಲ.

ಚೀಲದಲ್ಲಿ ಏನು ಹಾಕಬೇಕು ಅನ್ನುವುದಕ್ಕಿಂತ ಏನು ಹಾಕಬಾರದು ಅನ್ನುವುದು ಮುಖ್ಯ. ನಮ್ಮಲ್ಲಿ ಮಗಳನ್ನು ನೋಡಲು ಹೋಗುವ ತಾಯಿ ಮೊದಲು ತುಪ್ಪದ ಡಬ್ಬಿ ತುಂಬುತ್ತಾಳೆ. ಯುರೋಪಿಗೆ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯಲು ಬಿಡುವುದಿಲ್ಲ. ತುಪ್ಪ, ಪೇಡಾ, ಖೋವಾ ಎಲ್ಲಾ ಅದರಲ್ಲೇ ಬಂತು. ಹಸಿ ಮೆಣಸಿನಕಾಯಿ, ಕರಿಬೇವು, ಮಾವಿನಹಣ್ಣು ಕೂಡ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ತಗೊಂಡು ಹೋಗಿ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಇಲ್ಲದಿದ್ದರೆ ತಲುಪುವಷ್ಟರಲ್ಲಿ ಪುಡಿಯಾಗಿರುತ್ತದೆ. ನಾವು ಒಯ್ದ ಮೂವತ್ತು ರೊಟ್ಟಿ ಎಂಟು ದಿನ ಬಂತು. ಸಂಜೆ ಹಸಿವಾದಾಗ ಅದರ ಬೆಲೆ ಗೊತ್ತಾಗುತ್ತದೆ.

ಇಷ್ಟಲಿಂಗ ಧರಿಸುವವರಿಗೆ ಒಂದು ಮಾತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆಳ್ಳಿ ಕರಡಿಗೆ ಸದ್ದು ಮಾಡುತ್ತದೆ. ನನ್ನ ಹೆಂಡತಿ ಮೊದಲ ಸಲ ಅಲ್ಲಿ ಗಾಬರಿಯಾಗಿ ಅತ್ತೇ ಬಿಟ್ಟಳು. ಎರಡನೇ ಸಲ ಒಂದು ಶುಭ್ರ ಬಟ್ಟೆಯ ಚೀಲ ಹೊಲಿದುಕೊಂಡಳು. ಸಾಲಿನಲ್ಲಿ ನಿಂತಾಗಲೇ ಕರಡಿಗೆ ತೆಗೆದು ಅದರಲ್ಲಿಟ್ಟು, ಟ್ರೇಯಲ್ಲಿ ತಾನೇ ಇಟ್ಟಳು, ಆ ಕಡೆ ತಾನೇ ಎತ್ತಿಕೊಂಡಳು. ಯಾರೂ ಮುಟ್ಟಲಿಲ್ಲ. ಬಂಗಾರ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ಈಗ ನನಗೆ ಚೆನ್ನಾಗಿ ಗೊತ್ತಿರುವ ವಿಷಯ, ಕಿಸೆಗಳ್ಳರು. ಬಾರ್ಸಿಲೋನಾದಲ್ಲಿ ಹೊಡೆದು ಬಡಿದು ಕಸಿಯುವವರು ಕಡಿಮೆ. ಗೊತ್ತಾಗದ ಹಾಗೆ ಎತ್ತುವವರು ಬಹಳ. ಹುಣ್ಣಿಮೆ ದಿನ ಗಾಣಗಾಪುರದ ಬಸ್ಸಿನಲ್ಲಿ ನಾನು ಕಂಡ ಆಟವನ್ನೇ ಅಲ್ಲಿನ ಮೆಟ್ರೋದಲ್ಲೂ ಕಂಡೆ. ಆಟ ಹೀಗಿರುತ್ತದೆ. ನೀವು ಹತ್ತುವಾಗ ಮುಂದಿನವನು ಬಾಗಿಲಲ್ಲಿ ಗಕ್ಕನೆ ನಿಲ್ಲುತ್ತಾನೆ. ಹಿಂದಿನವನು ನೂಕುತ್ತಾನೆ. ನಿಮ್ಮ ಗಮನವೆಲ್ಲಾ ಕೆಳಗೆ ಬೀಳದ ಹಾಗೆ ನಿಲ್ಲುವುದರ ಮೇಲಿರುತ್ತದೆ. ಪಕ್ಕದವನ ತೋಳಿನ ಮೇಲೆ ಒಂದು ಕೋಟು ಇರುತ್ತದೆ, ಅದರ ಕೆಳಗೆ ಅವನ ಕೈ ಕೆಲಸ ಮಾಡುತ್ತಿರುತ್ತದೆ. ಬಾಗಿಲು ಮುಚ್ಚುವ ಸದ್ದು ಬಂದ ಕೂಡಲೇ ಮೂವರೂ ಕೆಳಗೆ ಹಾರುತ್ತಾರೆ. ರೈಲು ಹೊರಟ ಮೇಲೆ ನಿಮಗೆ ಕಿಸೆ ಹಗುರ ಅನಿಸುತ್ತದೆ.

ಆದ್ದರಿಂದ ಹೀಗೆ ಮಾಡಿ. ಬಾಗಿಲ ಹತ್ತಿರ ನಿಲ್ಲಬೇಡಿ, ಒಳಗೆ ಹೋಗಿ. ಹತ್ತುವಾಗ ಯಾರಾದರೂ ಸುಮ್ನೆ ಅಡ್ಡ ನಿಂತರೆ ಹಿಂದೆ ಸರಿದು ಮುಂದಿನ ರೈಲು ಹಿಡಿಯಿರಿ. ಕೆಲವೇ ನಿಮಿಷಕ್ಕೆ ಇನ್ನೊಂದು ಬರುತ್ತದೆ. ಪಾಸ್‌ಪೋರ್ಟ್ ಲಾಡ್ಜ್‌ನಲ್ಲಿ ಭದ್ರವಾಗಿಟ್ಟು ಅದರ ಜೆರಾಕ್ಸ್ ಜೊತೆಗಿಡಿ. ನಾನು ಬನಿಯನ್ನಿಗೆ ಒಳಕಿಸೆ ಹೊಲಿಸಿಕೊಂಡೆ, ಹಳೆಯ ಕಾಲದ ನಮ್ಮ ರೈತರ ಹಾಗೆ. ನನ್ನ ಹೆಂಡತಿ ಎಲೆ ಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ ಅದರಲ್ಲಿ ಹಣ ಇಟ್ಟಳು. ಹಣ ಇಡಲು ಅಂಗಡಿಯಲ್ಲಿ ಮಾರುವ ದುಬಾರಿ ಸೊಂಟಪಟ್ಟಿಗಿಂತ ಅದೇ ಒಳ್ಳೆಯದು. ಒಂದು ದಿನಕ್ಕೆ ಬೇಕಾದಷ್ಟು ಹಣ ಮಾತ್ರ ಹೊರಗಿನ ಕಿಸೆಯಲ್ಲಿರಲಿ.

ಇಷ್ಟೆಲ್ಲಾ ಎಚ್ಚರ ಇದ್ದರೂ ನಮ್ಮ ಮಗಳ ಫೋನ್ ಹೋಯಿತು. ಸಮುದ್ರದ ಹತ್ತಿರ ಹೊರಗೆ ಮೇಜು ಹಾಕಿದ ಒಂದು ಹೋಟೆಲ್‌ನಲ್ಲಿ ಕೂತಿದ್ದೆವು. ಫೋನ್ ಮೇಜಿನ ಮೇಲಿತ್ತು. ಒಬ್ಬ ಹುಡುಗ ಬಂದು ದೊಡ್ಡ ಕಾಗದ ಹಿಡಿದು ಸಹಿ ಮಾಡಿ ಅಂತ ಕೇಳಿದ. ಬೇಡ ಅಂದೆವು, ಹೋದ. ಕಾಗದದ ಕೆಳಗೆ ಫೋನೂ ಹೋಗಿತ್ತು. ಅಲ್ಲಿಂದ ಮುಂದೆ ನಮ್ಮ ಫೋನ್ ಮೇಜಿನ ಮೇಲೆ ಒಂದು ನಿಮಿಷವೂ ಇರಲಿಲ್ಲ. ಇನ್ನೊಂದು ಆಟ ಉಂಟು: ಅಂಗಿಯ ಮೇಲೆ ಏನೋ ಕಲೆ ಬಿದ್ದಿದೆ ಅಂತ ಒರೆಸಲು ಬರುತ್ತಾರೆ. ಒರೆಸಲು ಬಿಡಬೇಡಿ, ನಡೆಯುತ್ತಾ ಇರಿ. ಏನಾದರೂ ಕಳೆದರೆ ಪೊಲೀಸ್ ಠಾಣೆಗೆ ಹೋಗಿ ದೂರಿನ ಪ್ರತಿ ತಗೊಳ್ಳಿ. ವಿಮೆಗೂ ಹೊಸ ಪಾಸ್‌ಪೋರ್ಟ್‌ಗೂ ಅದು ಬೇಕು. ತುರ್ತಿಗೆ ಎಲ್ಲದಕ್ಕೂ 112.

ಇನ್ನು ಟಿಕೆಟ್. ಇಲ್ಲಿ ನನಗೆ ಬಹಳ ಖುಷಿ ಆಯಿತು. ಊರೊಳಗಿನ ಮೆಟ್ರೋ, ಬಸ್ಸು, ಟ್ರಾಮ್ ಎಲ್ಲಕ್ಕೂ ಒಂದೇ ಕಾರ್ಡ್ ನಡೆಯುತ್ತದೆ. ಒಂದರಿಂದ ಇಳಿದು ಇನ್ನೊಂದು ಹತ್ತಿದರೆ, ಒಂದೂಕಾಲು ಗಂಟೆಯ ಒಳಗಾದರೆ, ಮತ್ತೆ ದುಡ್ಡು ಕಡಿಯುವುದಿಲ್ಲ. ಎಲ್ಲರೂ ಹೇಳುವುದು ಟಿ-ಕಾಸುಅಲ್ ಎಂಬ ಹತ್ತು ಪ್ರಯಾಣದ ಕಾರ್ಡ್. ಆದರೆ ಅದು ಒಬ್ಬರಿಗೆ ಮಾತ್ರ. ಇಬ್ಬರು ಸೇರಿ ಅದನ್ನು ಬಳಸಿದರೆ ತಪಾಸಣೆಯವರು ದಂಡ ಹಾಕುತ್ತಾರೆ. ಗಂಡ ಹೆಂಡತಿ ಸೇರಿ ಬಳಸಲು ಟಿ-ಫಮಿಲಿಯಾರ್ ಅಂತ ಬೇರೆ ಕಾರ್ಡ್ ಇದೆ. ಎಂಟು ಪ್ರಯಾಣ, 30 ದಿನ ಗಡುವು, ಎಷ್ಟು ಜನ ಬೇಕಾದರೂ ಬಳಸಬಹುದು. ಇಬ್ಬರಿದ್ದರೆ ಎರಡು ಸಲ ತೋರಿಸಬೇಕು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ಯಂತ್ರದ ಮುಂದೆ ನಿಂತು ಒಂದೊಂದೇ ಓದಿ ಹುಡುಕಿದೆ.

ವಿಮಾನ ನಿಲ್ದಾಣದ ಮೆಟ್ರೋಗೆ ಈ ಕಾರ್ಡ್‌ಗಳು ನಡೆಯುವುದಿಲ್ಲ, ಬೇರೆ ಟಿಕೆಟ್ ಬೇಕು. ಸಾಮಾನು ಜಾಸ್ತಿ ಇದ್ದರೆ ಏರೋಬುಸ್ ಎಂಬ ವಿಮಾನ ನಿಲ್ದಾಣದ ಬಸ್ಸು ಹತ್ತಿ. ಪ್ಲಾಸಾ ಕಟಲೂನ್ಯಾ ಎಂಬ ಊರಿನ ನಡುಭಾಗದ ಚೌಕಕ್ಕೆ ಸೀದಾ ಬಿಡುತ್ತದೆ.

ಬಸ್ಸಿನಲ್ಲಿ ಕಂಡಕ್ಟರ್ ಇರುವುದಿಲ್ಲ. ಮುಂದಿನ ಬಾಗಿಲಿಂದ ಹತ್ತಬೇಕು, ಯಂತ್ರಕ್ಕೆ ಕಾರ್ಡ್ ತೋರಿಸಬೇಕು, ನಡುವಿನ ಬಾಗಿಲಿಂದ ಇಳಿಯಬೇಕು. ನಿಮ್ಮ ಬಸ್ಸು ಬಂದಾಗ ಕೈ ಮಾಡಿ. ಸುಮ್ನೆ ನಿಂತರೆ ಚಾಲಕ ಮುಂದೆ ಹೋಗಬಹುದು. ಇಳಿಯುವ ಮೊದಲು ಕಂಬದ ಮೇಲಿನ ಗುಂಡಿ ಒತ್ತಬೇಕು. ಹತ್ತಿದ ಪ್ರತಿಯೊಬ್ಬರೂ ಚಾಲಕನಿಗೆ ನಮಸ್ಕಾರ ಹೇಳುತ್ತಾರೆ ಅಂತಲ್ಲ, ಆದರೆ ವಯಸ್ಸಾದವರು ಹೇಳುತ್ತಾರೆ. ನಾನೂ ಹೇಳಿದೆ. ಡ್ಯೂಟಿಯಲ್ಲಿ ಇರುವವನಿಗೆ ಆ ಒಂದು ಮಾತು ಎಷ್ಟು ಹಿತ ಅಂತ ನನಗೆ ಗೊತ್ತು.

ಆ ನಮಸ್ಕಾರ ಯಾವ ಭಾಷೆಯಲ್ಲಿ ಹೇಳಬೇಕು ಅನ್ನುವುದನ್ನೂ ತಿಳಿದುಕೊಂಡು ಹೋಗಿ. ಆ ಊರಿನ ಸ್ವಂತ ಭಾಷೆ ಕಟಲಾನ್. ಸ್ಪ್ಯಾನಿಷ್ ಎಲ್ಲರಿಗೂ ಬರುತ್ತದೆ, ನಡೆಯುತ್ತದೆ. ಆದರೆ ಕಟಲಾನ್ ಅವರ ಮನೆ ಮಾತು. ಅದಕ್ಕಾಗಿ ಬಹಳ ಕಷ್ಟಪಟ್ಟ ಜನ ಅವರು. ಸರ್ವಾಧಿಕಾರಿ ಫ್ರಾಂಕೋ ಸ್ಪೇನನ್ನು ಆಳುತ್ತಿದ್ದ ಕಾಲದಲ್ಲಿ ಶಾಲೆಯಲ್ಲಿ, ಕಚೇರಿಯಲ್ಲಿ ಆ ಭಾಷೆಗೆ ಜಾಗ ಇರಲಿಲ್ಲ. ಈಗ ಬೋರ್ಡುಗಳ ಮೇಲೆ ಮೊದಲು ಕಾಣುವುದು ಕಟಲಾನ್. ಕನ್ನಡದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಬೆಳಿಗ್ಗೆ "ಬೊನ್ ದಿಯಾ", ಧನ್ಯವಾದಕ್ಕೆ "ಗ್ರಾಸಿಯಸ್", ಹೊರಡುವಾಗ "ಅದೇವು". ಇಷ್ಟು ಕಲಿಯಿರಿ. ಒಂದು ಬೇಕರಿಯ ಅಜ್ಜಿ ನನ್ನ ಹೆಂಡತಿಯ ಬಾಯಲ್ಲಿ ಬೊನ್ ದಿಯಾ ಕೇಳಿ ಗಲ್ಲೆಯಿಂದ ಎದ್ದು ಬಂದು ಕೈ ಹಿಡಿದಳು.

ನಮ್ಮ ಕಲಬುರಗಿಯವರಿಗೆ ಇನ್ನೊಂದು ಅನುಕೂಲ ಇದೆ. ರಾವಾಲ್ ಎಂಬ ಹಳೆಯ ಬಡಾವಣೆಯಲ್ಲಿ ಪಾಕಿಸ್ತಾನದ ಪಂಜಾಬಿನಿಂದ ಬಂದು ನೆಲೆಸಿದವರು ಬಹಳ. ಕಿರಾಣಿ ಅಂಗಡಿ, ಕ್ಷೌರದ ಅಂಗಡಿ, ಫೋನ್ ಅಂಗಡಿ ಅವರದೇ. ನಮ್ಮ ದಖ್ಖನಿ ಉರ್ದು ಅಲ್ಲಿ ಚೆನ್ನಾಗಿ ನಡೆಯುತ್ತದೆ. ಬೇಡ ಅನ್ನಲು ನಾವು ಹೇಳುವ "ನಕ್ಕೋ" ಅವರಿಗೆ ಹೊಸದು, ಉಳಿದದ್ದೆಲ್ಲಾ ತಿಳಿಯುತ್ತದೆ. ಬೇಳೆ, ಅಕ್ಕಿ, ಹಿಟ್ಟು, ಖಾರಪುಡಿ ಸಿಗುತ್ತವೆ. ದಾರಿ ತಪ್ಪಿದರೂ ಅಲ್ಲಿ ಕೇಳಬಹುದು. ರಾತ್ರಿ ತಡವಾಗಿ ಮಾತ್ರ ಆ ಸಂದಿಗಳಲ್ಲಿ ಇಬ್ಬರೇ ಓಡಾಡಬೇಡಿ.

ಊಟದ ಕಷ್ಟ ನಿಜ. ಮಾಂಸ ಬೇಡ ಅಂದರೆ ಮೀನು ಹಾಕಿ ಕೊಡುತ್ತಾರೆ. ಮೀನೂ ಬೇಡ ಅಂದರೆ ಹಂದಿ ಮಾಂಸದ ತೆಳ್ಳನೆ ಚೂರು ಮೇಲೆ ಉದುರಿಸುತ್ತಾರೆ, ಅವರ ಲೆಕ್ಕದಲ್ಲಿ ಅದು ಮಸಾಲೆ ಇದ್ದ ಹಾಗೆ. ಒಂದೊಂದೇ ಹೆಸರು ಹಿಡಿದು ಬೇಡ ಅನ್ನಬೇಕು. "ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಅತೂನ್, ಸಿನ್ ವೇವೊ." ಮಾಂಸ, ಮೀನು, ಹಂದಿ, ಟ್ಯೂನಾ, ಮೊಟ್ಟೆ ಇಲ್ಲದ್ದು ಅಂತ ಅರ್ಥ. ಸ್ಪ್ಯಾನಿಷ್ ಅಕ್ಷರದಲ್ಲಿ ಒಂದು ಚೀಟಿ ಬರೆಸಿಕೊಂಡು ಕಿಸೆಯಲ್ಲಿಡಿ, ತೋರಿಸಿದರೆ ಸಾಕು.

ಧೈರ್ಯವಾಗಿ ತಿನ್ನಬಹುದಾದದ್ದು ಪಾ ಅಮ್ ತುಮಾಕೆಟ್. ಬ್ರೆಡ್ಡಿನ ಮೇಲೆ ಟೊಮೇಟೊ ಉಜ್ಜಿ, ಆಲಿವ್ ಎಣ್ಣೆ, ಉಪ್ಪು ಹಾಕಿದ್ದು. ಕೆಲವರು ಬೆಳ್ಳುಳ್ಳಿಯನ್ನೂ ಉಜ್ಜುತ್ತಾರೆ. ಅಲ್ಲಿ ಎಲ್ಲಾ ಹೋಟೆಲ್‌ನಲ್ಲೂ ಅದು ಸಿಗುತ್ತದೆ. ನಾವು ಅದರ ಮೇಲೆ ಶೇಂಗಾ ಹಿಂಡಿ ಉದುರಿಸಿ ತಿಂದೆವು, ಬಹಳ ರುಚಿ. ಇನ್ನೊಂದು ಎಸ್ಕಲಿವಾಡಾ. ಬದನೆಕಾಯಿ, ದೊಣ್ಣೆ ಮೆಣಸಿನಕಾಯಿ, ಉಳ್ಳಾಗಡ್ಡಿ ಸುಟ್ಟು, ಸಿಪ್ಪೆ ಸುಲಿದು, ಉದ್ದುದ್ದ ಸೀಳಿ ಎಣ್ಣೆ ಹಾಕುತ್ತಾರೆ. ಬದನೆಕಾಯಿ ಸುಟ್ಟು ತಿನ್ನುವ ನಮ್ಮ ನಾಲಿಗೆಗೆ ಅದು ಗೊತ್ತಿರುವ ರುಚಿ. ಮೇಲೆ ಸಣ್ಣ ಮೀನು ಇಡುವ ಪದ್ಧತಿ ಇದೆ, ಮೊದಲೇ ಕೇಳಿ. ಸುರುಳಿ ಸುತ್ತಿದ ಎನ್ಸೈಮಾಡಾ ಎಂಬ ಸಿಹಿ ರೊಟ್ಟಿ ಬೇಕರಿಗಳಲ್ಲಿ ಚೆಂದ ಕಾಣುತ್ತದೆ. ಅದನ್ನು ಹಂದಿ ಕೊಬ್ಬಿನಲ್ಲಿ ಮಾಡುತ್ತಾರೆ. ನಮ್ಮಂಥವರು ಮುಟ್ಟಬಾರದು.

ವಾರದ ದಿನಗಳಲ್ಲಿ ಮಧ್ಯಾಹ್ನ "ಮೆನು ದೆಲ್ ದಿಯಾ" ಅಂತ ಒಂದು ಊಟ ಇರುತ್ತದೆ. ಒಂದೇ ದರಕ್ಕೆ ಮೊದಲ ತಟ್ಟೆ, ಎರಡನೇ ತಟ್ಟೆ, ಬ್ರೆಡ್, ಹಣ್ಣು ಅಥವಾ ಸಿಹಿ. ಎರಡನೇ ತಟ್ಟೆ ಬಹುತೇಕ ಮಾಂಸ, ಮೀನು. ಮೊದಲ ತಟ್ಟೆಯಲ್ಲಿ ತರಕಾರಿ, ಸಲಾಡ್, ಗಸ್ಪಾಚೊ ಎಂಬ ತಣ್ಣನೆ ಟೊಮೇಟೊ ಸಾರು ಇರುತ್ತವೆ. ಆಗ "ದೋಸ್ ಪ್ರಿಮೆರೋಸ್" ಅನ್ನಿ, ಎರಡೂ ಮೊದಲ ತಟ್ಟೆಯವೇ ಕೊಡಿ ಅಂತ. ಕೇಳಿದ ಎಲ್ಲಾ ಕಡೆ ನಮಗೆ ಕೊಟ್ಟರು. ದಿನದ ದೊಡ್ಡ ಊಟ ಇದೇ ಆಗಲಿ. ರಾತ್ರಿ ಒಂಬತ್ತರ ಆಸುಪಾಸಿಗೆ ಅವರ ಅಡುಗೆಮನೆ ಬಿಸಿಯಾಗುವುದು. ಎಂಟಕ್ಕೆ ಉಂಡು ಮಲಗುವವರಿಗೆ ಅದು ಆಗದು. ನಾವು ಸಂಜೆ ರೂಮಿನಲ್ಲಿ ರೊಟ್ಟಿ, ಹಿಂಡಿ, ಮೊಸರು ತಿಂದು ಹೊರಗೆ ಹೋಗುತ್ತಿದ್ದೆವು. ನಲ್ಲಿ ನೀರು ಕುಡಿಯಬಹುದು, ಸ್ವಲ್ಪ ಗಡಸು ಅಷ್ಟೇ.

ಬಿಸಿಲಿನ ಬಗ್ಗೆ ನಮ್ಮವರು ಹೇಳುವುದು ಒಂದೇ ಮಾತು: "ನಮ್ಮ ಮೇ ತಿಂಗಳ 43 ಡಿಗ್ರಿ ಕಂಡವರಿಗೆ ಅದೇನು ಬಿಸಿಲು?" ಹಾಗಲ್ಲ. ನಮ್ಮದು ಒಣ ಬಿಸಿಲು. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ 30 ಡಿಗ್ರಿ ಇದ್ದರೂ ಸಮುದ್ರದ ಹಸಿ ಗಾಳಿಗೆ ಬೆವರು ಆರುವುದಿಲ್ಲ, ರಾತ್ರಿಯೂ ಸೆಕೆ. ಆ ಎರಡು ತಿಂಗಳು ಜನವೂ ವಿಪರೀತ. ಮೇ ಅಥವಾ ಸೆಪ್ಟೆಂಬರ್ ಕೊನೆಗೆ ಹೋಗಿ. ಸೆಪ್ಟೆಂಬರ್ 24ಕ್ಕೆ ಊರ ಹಬ್ಬ ಲಾ ಮೆರ್ಸೆ. ಜನ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಗೋಪುರ ಕಟ್ಟುತ್ತಾರೆ, ತುತ್ತತುದಿಗೆ ಸಣ್ಣ ಮಗು ಏರಿ ಕೈ ಎತ್ತುತ್ತದೆ. ನಾನು ಉಸಿರು ಹಿಡಿದು ನೋಡಿದೆ.

ದಿನವನ್ನು ನಮ್ಮೂರ ಬೇಸಿಗೆಯ ಹಾಗೇ ಹಂಚಿಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ, ಹನ್ನೊಂದೂವರೆವರೆಗೆ ನೋಡಿ. ಮಧ್ಯಾಹ್ನ ಉಂಡು ರೂಮಿಗೆ ಬಂದು ಎರಡು ತಾಸು ಮಲಗಿ. ಐದರ ಮೇಲೆ ಮತ್ತೆ ಹೊರಡಿ. ಜೂನ್‌ನಲ್ಲಿ ರಾತ್ರಿ ಒಂಬತ್ತು ಗಂಟೆಗೂ ಬೆಳಕಿರುತ್ತದೆ. ಅಲ್ಲಿನ ಅಜ್ಜ ಅಜ್ಜಿಯರೆಲ್ಲಾ ಸಂಜೆ ಹೊತ್ತು ಚೌಕದ ಬೆಂಚಿಗೆ ಬಂದು ಕೂರುತ್ತಾರೆ. ಮಕ್ಕಳು ಪಟ್ಟಿ ಮಾಡಿ ಕೊಟ್ಟ ಹತ್ತು ಜಾಗವನ್ನು ಒಂದೇ ದಿನ ನೋಡಲು ಹೋಗಬೇಡಿ. ಒಂದು ದಿನಕ್ಕೆ ಒಂದು ದೊಡ್ಡ ಜಾಗ ಸಾಕು.

ಸಗ್ರಾದಾ ಫಮಿಲಿಯಾ ಚರ್ಚಿಗೆ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ, ಸಮಯ ಗೊತ್ತು ಮಾಡಿಕೊಂಡು ತೆಗೆಸಿ. ಭುಜ ಮುಚ್ಚಿದ ಬಟ್ಟೆ ಇರಲಿ. 1882ರಲ್ಲಿ ಶುರುವಾದ ಕೆಲಸ ಅದು. ಅದನ್ನು ರೂಪಿಸಿದ ವಾಸ್ತುಶಿಲ್ಪಿ ಗೌಡಿ 1926ರಲ್ಲಿ ಟ್ರಾಮ್ ಬಡಿದು ಬಿದ್ದ. ಹಳೆಯ ಬಟ್ಟೆ ನೋಡಿ ಜನ ಭಿಕ್ಷುಕ ಅಂದುಕೊಂಡರು, ಮೂರು ದಿನಕ್ಕೆ ತೀರಿಕೊಂಡ. ಅದೇ ಚರ್ಚಿನ ನೆಲಮಾಳಿಗೆಯಲ್ಲಿ ಅವನ ಸಮಾಧಿ. ಸಾರಿಗೆಯಲ್ಲಿ ದುಡಿದ ನನಗೆ ಆ ಕತೆ ಕೇಳಿ ಸಂಕಟವಾಯಿತು. ಒಳಗೆ ಕಂಬಗಳು ಮರದ ಹಾಗೆ ಮೇಲೆ ಹೋಗಿ ಕೊಂಬೆಯೊಡೆಯುತ್ತವೆ. ಬೆಳಿಗ್ಗೆ ಒಂದು ಕಡೆಯ ಗಾಜಿನಿಂದ ನೀಲಿ, ಹಸಿರು ಬೆಳಕು. ಸಂಜೆ ಇನ್ನೊಂದು ಕಡೆಯಿಂದ ಕೆಂಪು, ಕಿತ್ತಳೆ. ಸಂಜೆ ನಾಲ್ಕರ ಮೇಲಿನ ಸಮಯ ತಗೊಳ್ಳಿ, ಆ ಕೆಂಪು ಬೆಳಕು ಕಂಬದ ಮೇಲೆ ಬೀಳುವುದನ್ನು ಕೂತು ನೋಡಿ. ನಮ್ಮ ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನು ಸ್ಪೇನಿನ ಕೊರ್ಡೊಬಾದ ದೊಡ್ಡ ಮಸೀದಿಗೆ ಹೋಲಿಸುತ್ತಾರೆ. ಹೊರಡುವ ಮೊದಲು ಒಂದು ಸಲ ಅದರ ಕಮಾನುಗಳ ನಡುವೆ ನಿಂತು ಬನ್ನಿ. ಕಲ್ಲು, ಬೆಳಕು ನೋಡುವ ಕಣ್ಣು ಇಲ್ಲೇ ತಯಾರಾಗುತ್ತದೆ.

ಪಾರ್ಕ್ ಗುವೆಲ್‌ಗೂ ಟಿಕೆಟ್ ಮೊದಲೇ ಬೇಕು. ಅದು ಗುಡ್ಡದ ಮೇಲಿದೆ. ಮೊಣಕಾಲು ನೋವಿದ್ದವರು ಮೆಟ್ರೋ ಇಳಿದು ಹತ್ತಬೇಡಿ, 24ನೇ ನಂಬರ್ ಬಸ್ಸು ಹಿಡಿಯಿರಿ.

ಎಲ್ಲರೂ ಬೇಗ ದಾಟಿ ಹೋಗುವ ಒಂದು ಜಾಗದಲ್ಲಿ ನೀವು ನಿಲ್ಲಬೇಕು. ಸಾಂತಾ ಮರಿಯಾ ದೆಲ್ ಮಾರ್, ಅಂದರೆ ಸಮುದ್ರದ ಮೇರಿ ಮಾತೆಯ ಚರ್ಚು. 1329ರಲ್ಲಿ ಶುರು ಮಾಡಿ 1383ರಲ್ಲಿ ಮುಗಿಸಿದರು. ಅದಕ್ಕೆ ಬೇಕಾದ ಕಲ್ಲನ್ನು ಮೊಂಜುಯಿಕ್ ಗುಡ್ಡದ ಗಣಿಯಿಂದ ಬೆನ್ನ ಮೇಲೆ ಹೊತ್ತು ತಂದವರು ಬಂದರಿನ ಹಮಾಲರು. ಮುಂದಿನ ದೊಡ್ಡ ಬಾಗಿಲ ಮೇಲೆ ಕಂಚಿನಲ್ಲಿ ಇಬ್ಬರು ಹಮಾಲರ ಸಣ್ಣ ಮೂರ್ತಿಗಳಿವೆ, ಬಾಗಿದ ಬೆನ್ನು, ಮೇಲೆ ಭಾರ. ನಮ್ಮಪ್ಪ ನೆಹರು ಗಂಜ್‌ನಲ್ಲಿ ತೊಗರಿ ಚೀಲ ಹೊತ್ತವರು. ಅದೇ ಬಾಗು, ಅದೇ ಕೈ. ರಾಜರ, ಸಂತರ ಮೂರ್ತಿಗಳನ್ನು ಬಾಗಿಲ ಮೇಲೆ ಎಲ್ಲಾ ಕಡೆ ಕಂಡಿದ್ದೇನೆ. ಹಮಾಲರನ್ನು ಕಂಡದ್ದು ಅಲ್ಲೇ. ನಾನು ಆ ಬಾಗಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

ಅಲ್ಲಿಂದ ನಡೆದರೆ ಸಮುದ್ರ. ಬಾರ್ಸಿಲೊನೆಟಾ ದಂಡೆಗೆ ಬೆಳಿಗ್ಗೆ ಏಳಕ್ಕೆ ಹೋಗಿ, ಆಗ ಈಜುವ ಅಜ್ಜಂದಿರು ಬಿಟ್ಟರೆ ಯಾರೂ ಇರುವುದಿಲ್ಲ. ಭೀಮಾ, ಕಾಗಿಣಾ ನೋಡಿ ಬೆಳೆದವರಿಗೆ ಸಮುದ್ರದ ಅಂದಾಜು ಇರುವುದಿಲ್ಲ. ಅಲೆ ಸಣ್ಣದಾಗಿ ಕಂಡರೂ ನಾಲ್ಕು ಹೆಜ್ಜೆಗೆ ಆಳ ಆಗಬಹುದು. ಹಸಿರು ಬಾವುಟ ಇದ್ದರೆ ಇಳಿಯಿರಿ, ಹಳದಿ ಇದ್ದರೆ ಹುಷಾರು, ಕೆಂಪಿದ್ದರೆ ಇಳಿಯಲೇಬೇಡಿ. ಇಬ್ಬರೂ ಒಟ್ಟಿಗೆ ನೀರಿಗೆ ಹೋಗಿ ಚೀಲ ಮರಳಲ್ಲಿ ಬಿಡಬೇಡಿ. ನನ್ನ ಹೆಂಡತಿ ಸೀರೆ ಎತ್ತಿ ಕಟ್ಟಿ ಮೊಣಕಾಲುವರೆಗೆ ನಿಂತಳು, ಅರ್ಧ ಗಂಟೆ ಹೊರಗೆ ಬರಲೇ ಇಲ್ಲ. ಸೀರೆಯನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಬರೀ ಈಜುಡುಗೆಯಲ್ಲಿ ರಸ್ತೆಗೆ ಬಂದವರಿಗೇ ಅಲ್ಲಿ ದಂಡ ಇದೆ.

ಸಮಯ ಇದ್ದರೆ ಒಂದು ದಿನ ಮೊಂತ್ಸೆರಾತ್ ಬೆಟ್ಟಕ್ಕೆ ಇಡಿ. ಪ್ಲಾಸಾ ಎಸ್ಪಾನ್ಯಾದಿಂದ ಆರ್5 ರೈಲು, ಒಂದು ಗಂಟೆಯ ದಾರಿ. ಅಲ್ಲಿಂದ ಹಲ್ಲಿನ ಗಾಲಿಯ ರೈಲೋ, ತೂಗು ಬಂಡಿಯೋ. ಟಿಕೆಟ್ ತೆಗೆಸುವಾಗಲೇ ಯಾವುದು ಅಂತ ಹೇಳಬೇಕು, ಇಳಿಯುವ ಸ್ಟೇಷನ್ ಬೇರೆ ಬೇರೆ. ಮಠದೊಳಗೆ ಕಪ್ಪು ಮೇರಿ ಮಾತೆಯ ಮೂರ್ತಿ. ಕೈಯಲ್ಲಿ ಹಿಡಿದ ಗುಂಡನ್ನು ಭಕ್ತರು ಮುಟ್ಟಿ ಹೋಗುತ್ತಾರೆ. ಜಾತ್ರೆಯ ಸಾಲಿನಲ್ಲಿ ನಿಂತು ಅಭ್ಯಾಸ ಇದ್ದ ನಮಗೆ ಏನೂ ಹೊಸದನಿಸಲಿಲ್ಲ.

ಚಿಲ್ಲರೆ ಮಾತುಗಳು. ಫೋನ್‌ಪೇ ನಂಬಿ ಹೋಗಬೇಡಿ, ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ಹಣ ತುಂಬಿಸಿದ ಕಾರ್ಡ್) ಮತ್ತು ಸ್ವಲ್ಪ ಯೂರೋ ನೋಟು ಇರಲಿ. ಯಂತ್ರ "ರೂಪಾಯಿಯೋ, ಯೂರೋನೋ" ಅಂತ ಕೇಳಿದರೆ ಯೂರೋ ಒತ್ತಿ, ರೂಪಾಯಿ ಒತ್ತಿದರೆ ಜಾಸ್ತಿ ಕಡಿಯುತ್ತದೆ. ಲಾಡ್ಜ್‌ನವರು ರಾತ್ರಿಗಿಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಕೇಳುತ್ತಾರೆ, ಅದು ನಿಜವಾದದ್ದೇ. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ. ಔಷಧಿ ಅಂಗಡಿಗೆ ಹಸಿರು ಶಿಲುಬೆಯ ದೀಪ ಗುರುತು. ಬಿಪಿ, ಶುಗರ್ ಮಾತ್ರೆ ಪೂರ್ತಿ ದಿನಕ್ಕೆ ಆಗುವಷ್ಟು ಇಲ್ಲಿಂದಲೇ ಒಯ್ಯಿರಿ, ಡಾಕ್ಟರ್ ಚೀಟಿ ಸಮೇತ. ಸಾರ್ವಜನಿಕ ಶೌಚಾಲಯ ಕಡಿಮೆ. ಒಂದು ಕಾಫಿ ಕುಡಿದರೆ ಆ ಹೋಟೆಲ್‌ನದು ಬಳಸಬಹುದು.

ವಾಪಸ್ ಬರುವ ದಿನ ನಮ್ಮ ಟಿ-ಫಮಿಲಿಯಾರ್ ಕಾರ್ಡ್‌ನಲ್ಲಿ ಎರಡು ಪ್ರಯಾಣ ಉಳಿದಿತ್ತು. ಪ್ಲಾಸಾ ಕಟಲೂನ್ಯಾದಲ್ಲಿ ಏರೋಬುಸ್‌ಗೆ ಕಾಯುವಾಗ, ಆಗಷ್ಟೇ ಅದೇ ಬಸ್ಸಿಂದ ಇಳಿದ ಗಂಡ ಹೆಂಡತಿ ಮೆಟ್ರೋ ನಕ್ಷೆ ಹಿಡಿದು ನಿಂತಿದ್ದರು. ವಯಸ್ಸು ನಮ್ಮಷ್ಟೇ. ಯಾವ ದೇಶದವರೋ, ಕೇಳಲು ಭಾಷೆ ಬರಲಿಲ್ಲ. ಕಾರ್ಡ್ ಅವರ ಕೈಗೆ ಕೊಟ್ಟು ಎರಡು ಬೆರಳು ತೋರಿಸಿದೆ. ಅವನಿಗೆ ತಿಳಿಯಿತು. ಆಮೇಲೆ ನಾನು ನನ್ನ ಕಿಸೆ ಮುಟ್ಟಿ, ಅವನ ಕಿಸೆ ತೋರಿಸಿದೆ. ಅವನು ಪಾಕೀಟನ್ನು ಹಿಂದಿನ ಕಿಸೆಯಿಂದ ತೆಗೆದು ಅಂಗಿಯೊಳಗೆ ಇಟ್ಟುಕೊಂಡ.